ಊರ ಪತ್ರಿಕೆಯ ಹೊಸ ವರದಿಗಾರರು

ಬೆಳಗಿನ ಜಾವ ನಾಲ್ಕೂವರೆ ಗಂಟೆಗೆ ನಮ್ಮ ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಒಂದು ದೃಶ್ಯ ಪರಿಚಿತವಾಗಿರುತ್ತದೆ. ಹಳ್ಳಿಗಳ ಕಡೆಗೆ ಹೊರಡುವ ಮೊದಲ ಬಸ್ಸುಗಳಲ್ಲಿ, ಚಾಲಕನ ಪಕ್ಕದಲ್ಲಿ, ಹುರಿಯಿಂದ ಬಿಗಿದ ಪತ್ರಿಕೆಯ ಕಟ್ಟುಗಳು ಒಂದೊಂದಾಗಿ ಬಂದು ಕುಳಿತುಕೊಳ್ಳುತ್ತವೆ. ಬೆಂಗಳೂರಿನ ದೊಡ್ಡ ಪತ್ರಿಕೆಗಳ ಕಟ್ಟುಗಳು ದಪ್ಪ. ಅವುಗಳ ನಡುವೆ ಬಡ ನೆಂಟನಂತೆ ಮುದುರಿಕೊಂಡಿರುವ ತೆಳುವಾದ ಕಟ್ಟು ನಮ್ಮ ಊರಿನ ಪತ್ರಿಕೆಯದು. ಅದಕ್ಕೆ ಇರುವುದು ಆರೇ ಪುಟ. ದೆಹಲಿಯಲ್ಲಿ ಏನಾಯಿತೆಂಬುದನ್ನು ಅದು ನಾಲ್ಕು ಸಾಲಿನಲ್ಲಿ ಮುಗಿಸಬಹುದು. ಆದರೆ ಯಾವ ಕೆರೆಯ ತೂಬು ಒಡೆದಿದೆ, ಯಾವ ಮಾರ್ಗದ ಬಸ್ಸು ನಿಂತುಹೋಗಿದೆ, ಕೊಬ್ಬರಿಯ ಧಾರಣೆ ನಿನ್ನೆ ಎಲ್ಲಿಗೆ ಮುಟ್ಟಿತು, ಯಾರ ಮನೆಯಲ್ಲಿ ವೈಕುಂಠ ಸಮಾರಾಧನೆ ಎಂಬುದನ್ನು ತಿಳಿಯಬೇಕಾದರೆ ಆ ತೆಳು ಕಟ್ಟನ್ನೇ ಬಿಚ್ಚಬೇಕು.

ಆ ಆರು ಪುಟಗಳನ್ನು ತುಂಬುವವರು ಯಾರು? ಬಹುಮಟ್ಟಿಗೆ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ ಹುಡುಗಿಯರು. ಅವರಲ್ಲಿ ಕೆಲವರು ನನ್ನ ತರಗತಿಯಲ್ಲಿ ಕುಳಿತು ಹಳಗನ್ನಡ ಕಾವ್ಯಕ್ಕೆ ಆಕಳಿಸಿದವರೇ. ಕನ್ನಡ ಎಂ.ಎ. ಮುಗಿಸಿ ಎಲ್ಲಿಯೂ ಕೆಲಸ ಸಿಕ್ಕದೆ, ‘ಸಾರ್, ಪತ್ರಿಕೆಗೆ ಸೇರಿಕೊಂಡೆ’ ಎಂದು ಒಬ್ಬ ಶಿಷ್ಯನು ಬಂದು ಹೇಳಿದಾಗ, ಅಭಿನಂದಿಸಬೇಕೋ ಸಮಾಧಾನ ಹೇಳಬೇಕೋ ನನಗೆ ತಿಳಿಯಲಿಲ್ಲ. ಅವನ ನೆಪದಿಂದ ಆ ಕಚೇರಿಯಲ್ಲಿ ನಾನು ಕಳೆದ ಕೆಲವು ಸಂಜೆಗಳ ಫಲವೇ ಈ ಲೇಖನ.

ಕನ್ನಡದಲ್ಲಿ ಪತ್ರಿಕೆಯ ಕಥೆ ಮೊದಲಾಗುವುದೇ ಒಂದು ಊರಿನ ಹೆಸರಿನಿಂದ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ಪಾಕ್ಷಿಕದ ಹೆಸರು ‘ಮಂಗಳೂರ ಸಮಾಚಾರ’. ಆಗ ಆ ಸಂಪಾದಕನ ವಯಸ್ಸು ಮೂವತ್ತೆರಡು. ಮುಂದೆ ರಾಜಶೇಖರ ಕೋಟಿಯವರು 1972ರಲ್ಲಿ ಧಾರವಾಡದಲ್ಲಿ ಆರಂಭಿಸಿ ಅನಂತರ ಮೈಸೂರಿಗೆ ತಂದು ನೆಲೆಗೊಳಿಸಿದ ‘ಆಂದೋಲನ’ವಾಗಲಿ, ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಓದುಗರಿಂದಲೇ ಬಂಡವಾಳ ಕೂಡಿಸಿ ಮಂಗಳೂರಿನಲ್ಲಿ ತೆರೆದ ‘ಮುಂಗಾರು’ ಆಗಲಿ, ಹೊಸಬರಿಗೆ ಪಾಠಶಾಲೆಗಳೇ ಆಗಿದ್ದವು. ‘ಮುಂಗಾರು’ ಬಹುಕಾಲ ಬಾಳಲಿಲ್ಲ. ಆದರೆ ಅಲ್ಲಿ ಅಕ್ಷರ ಕಲಿತವರು ನಾಡಿನ ಬೇರೆ ಬೇರೆ ಪತ್ರಿಕೆಗಳಿಗೆ ಹೋಗಿ ಹೆಸರು ಮಾಡಿದರು. ದೊಡ್ಡ ಪತ್ರಿಕೆಗಳು ಊರ ಪತ್ರಿಕೆಗಳಿಗೆ ಈ ಋಣವನ್ನು ತೀರಿಸಿದ್ದನ್ನು ನಾನಂತೂ ಕಂಡಿಲ್ಲ.

ನನ್ನ ಶಿಷ್ಯನ ದಿನಚರಿ ಹೀಗೆ: ಬೆಳಗ್ಗೆ ಸರ್ಕಾರಿ ಆಸ್ಪತ್ರೆ, ಹನ್ನೊಂದಕ್ಕೆ ತಾಲ್ಲೂಕು ಕಚೇರಿ, ಮಧ್ಯಾಹ್ನ ಯಾವುದಾದರೊಂದು ಪತ್ರಿಕಾಗೋಷ್ಠಿ, ಸಂಜೆ ಮಾರುಕಟ್ಟೆಯ ಧಾರಣೆ, ರಾತ್ರಿ ಪೊಲೀಸ್ ಠಾಣೆಗಳಿಗೆ ಸಾಲಾಗಿ ದೂರವಾಣಿ ಕರೆ, ಹತ್ತು ಗಂಟೆಗೆ ಪುಟ ಮುಗಿಯುವವರೆಗೆ ಕಂಪ್ಯೂಟರಿನ ಮುಂದೆ. ಕಾರ್ಯನಿರತ ಪತ್ರಕರ್ತರಿಗಾಗಿ 1955ರಲ್ಲಿ ಬಂದ ಕಾಯಿದೆಯು ನಾಲ್ಕು ವಾರಗಳಿಗೆ 144 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ವಿಧಿಸಿತ್ತು. ಆ ಲೆಕ್ಕವನ್ನು ಹೇಳಿದಾಗ ಅವನು, ‘ನನ್ನ ನಾಲ್ಕು ವಾರ ಹನ್ನೆರಡನೆಯ ದಿನಕ್ಕೇ ಮುಗಿಯುತ್ತದೆ ಸಾರ್’ ಎಂದು ನಕ್ಕನು. ಮೊದಲ ಆರು ತಿಂಗಳು ಅವನಿಗೆ ಸಿಕ್ಕಿದ್ದು ಪೆಟ್ರೋಲಿನ ಖರ್ಚು ಮಾತ್ರ.

ಇದಕ್ಕಿಂತಲೂ ಕಠಿಣವಾದ ಸಂಕಟ ಬೇರೊಂದಿದೆ. ಸಣ್ಣ ಪತ್ರಿಕೆ ಬದುಕುವುದು ಜಾಹೀರಾತಿನಿಂದ. ಅದನ್ನು ತರುವ ಹೊಣೆ ಅನೇಕ ಕಡೆ ವರದಿಗಾರನ ತಲೆಯ ಮೇಲೂ ಬೀಳುತ್ತದೆ. ಚರಂಡಿಯ ಕಾಮಗಾರಿ ಕಳಪೆಯೆಂದು ಸೋಮವಾರ ಯಾರನ್ನು ಪ್ರಶ್ನಿಸಿದನೋ, ಯುಗಾದಿಯ ವಿಶೇಷ ಸಂಚಿಕೆಗೆ ಕಾಲು ಪುಟದ ಶುಭಾಶಯ ಕೊಡಿರೆಂದು ಗುರುವಾರ ಅವರ ಬಾಗಿಲಿಗೇ ಹೋಗಬೇಕು. ಹಾಗೆ ಹೋದವನು ಶುಕ್ರವಾರ ಏನು ಬರೆದಾನು? ಈ ಪ್ರಶ್ನೆಗೆ ಹುಡುಗರು ಕಂಡುಕೊಂಡಿರುವ ಒಂದು ದಾರಿ ಮಾಹಿತಿ ಹಕ್ಕಿನ ಅರ್ಜಿ. 2005ರ ಆ ಕಾಯಿದೆಯ ಪ್ರಕಾರ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ನೂರೈವತ್ತು ಪದ ಮೀರಬಾರದು. (ನನ್ನ ವಿದ್ಯಾರ್ಥಿಗಳಿಗೆ ಸಂಕ್ಷೇಪವನ್ನು ನಾನು ಎರಡು ವರ್ಷ ಕಲಿಸಿದರೂ ಬಾರದ್ದು ಈ ನಿಯಮದಿಂದ ಬಂದಿದೆ.) ಕಚೇರಿಯ ಮೊಹರು ಬಿದ್ದ ಉತ್ತರ ಕೈಯಲ್ಲಿದ್ದರೆ ಹುಡುಗನ ಮಾತು ಹುಡುಗನದಾಗಿ ಉಳಿಯುವುದಿಲ್ಲ.

ವಾಟ್ಸ್‌ಆ್ಯಪ್ ಬಂದ ಮೇಲೆ ಊರಿನ ಸುದ್ದಿ ಊರಿಗೆ ಮೊದಲೇ ಗೊತ್ತಿರುತ್ತದೆ, ಇವರ ಅಗತ್ಯವೇನು ಎಂದು ಕೇಳುವವರಿದ್ದಾರೆ. ಸುದ್ದಿ ಗೊತ್ತಿರುತ್ತದೆ, ನಿಜ. ಆದರೆ ಅದು ಹೌದೋ ಅಲ್ಲವೋ ಎಂಬುದಕ್ಕೆ ಜನ ಮರುದಿನ ಅಚ್ಚಾದ ಕಾಗದವನ್ನೇ ಬಿಚ್ಚುತ್ತಾರೆ. ಈ ನಂಬಿಕೆ ಎಷ್ಟು ಭಾರವಾದದ್ದೆಂಬುದನ್ನು ನನ್ನ ಶಿಷ್ಯನು ಸೇರಿದ ಎಂಟನೆಯ ತಿಂಗಳಿನಲ್ಲಿ ಅರಿತನು. ಅವನ ಒಪ್ಪಿಗೆ ಪಡೆದೇ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಹೆದ್ದಾರಿಯಲ್ಲಿ ಅಪಘಾತವಾದ ಸುದ್ದಿ ಬಂದಿತು. ಒಂದೇ ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ಗೆಳೆಯರು. ಒಬ್ಬ ಸ್ಥಳದಲ್ಲೇ ತೀರಿಕೊಂಡ, ಇನ್ನೊಬ್ಬನನ್ನು ಬೆಂಗಳೂರಿಗೆ ಸಾಗಿಸಿದ್ದರು. ಇಬ್ಬರಿಗೂ ಒಂದೇ ಹೆಸರು. ನಮ್ಮ ಸೀಮೆಯಲ್ಲಿ ಮನೆಗೊಬ್ಬರಂತೆ ಇರುವ ಹೆಸರು. ಊರು ಮಾತ್ರ ಬೇರೆ ಬೇರೆ, ಎರಡು ಮೈಲಿಯ ಅಂತರ. ದೂರವಾಣಿಯಲ್ಲಿ ಅವಸರದಿಂದ ಹೇಳಿದ್ದನ್ನು ಇವನು ಅವಸರದಿಂದ ಬರೆದುಕೊಂಡ. ಪುಟ ಹತ್ತಕ್ಕೆ ಹೋಗಬೇಕು. ಸತ್ತವನ ಊರು ಬದುಕಿದವನಿಗೂ, ಬದುಕಿದವನ ಊರು ಸತ್ತವನಿಗೂ ಅಂಟಿಕೊಂಡು ಅಚ್ಚಾಯಿತು.

ಮುಂಜಾನೆ ಹಳ್ಳಿಯ ಅಂಗಡಿಯಲ್ಲಿ ಯಾರೋ ಗಟ್ಟಿಯಾಗಿ ಓದಿದರು. ಗಾಯಾಳುವಿನ ತಾಯಿ ಕೇಳಿಸಿಕೊಂಡಳು. ಆಸ್ಪತ್ರೆಯಲ್ಲಿ ತಮ್ಮನ ಬಳಿ ಇದ್ದ ಹಿರಿಯ ಮಗನ ದೂರವಾಣಿ ಆರಿಹೋಗಿತ್ತು. ಅವನು ಮಾತಿಗೆ ಸಿಕ್ಕುವ ಹೊತ್ತಿಗೆ ಎರಡು ಗಂಟೆಯಾಗಿತ್ತು. ಆ ಎರಡು ಗಂಟೆ ಆ ಮನೆ ಸಾವಿನ ಮನೆಯಾಗಿತ್ತು.

ಸಂಪಾದಕರು ಬೈಯಲಿಲ್ಲ. ‘ತಿದ್ದುಪಡಿ ನಾಳೆ ಹಾಕೋಣ. ಈಗ ನೀನು ಆ ಊರಿಗೆ ಹೋಗಿ ಬಾ’ ಎಂದರು. ದೊಡ್ಡ ಪತ್ರಿಕೆಯಲ್ಲಿ ತಪ್ಪು ಬರೆದವನು ಮೂಲೆಯ ಎರಡು ಸಾಲಿನ ‘ವಿಷಾದಿಸುತ್ತೇವೆ’ಯ ಹಿಂದೆ ಅಡಗಬಹುದು. ಊರ ಪತ್ರಿಕೆಯವನಿಗೆ ಆ ಮರೆ ಇಲ್ಲ. ನಾಳೆ ಅದೇ ಸಂತೆಯಲ್ಲಿ ಅದೇ ಜನರ ಎದುರಿಗೆ ಅವನು ನಿಲ್ಲಬೇಕು. ಹನ್ನೊಂದರ ಬಸ್ಸಿಗೆ ಹೋದನು. ತಾಯಿ ಜಗಲಿಯ ಮೇಲೆ ಕುಳಿತಿದ್ದಳು. ಬಂದವನು ಯಾರೆಂದು ತಿಳಿಯದೆ ನೀರು ತರಿಸಿ ಕೊಟ್ಟಳು. ಚೊಂಬು ಕೈಯಲ್ಲಿ ಹಿಡಿದು, ಬರೆದವನು ತಾನೇ ಎಂದು ಇವನು ಹೇಳಿದನು. ಆಕೆ ಬಹಳ ಹೊತ್ತು ಸುಮ್ಮನಿದ್ದು, ‘ನಮ್ಮ ಹುಡುಗನ ಹೆಸರು ಪೇಪರಿನಾಗೆ ಬಂದಿದ್ದು ಇದೇ ಮೊದಲು ಕಣಪ್ಪಾ’ ಎಂದಳಂತೆ. ಮತ್ತೇನನ್ನೂ ಆಡಲಿಲ್ಲ.

ಸಂಜೆ ಕಚೇರಿಗೆ ಮರಳಿದಾಗ ಸಂಪಾದಕರು ಕೇಳಿದ್ದು ಒಂದೇ: ‘ಇನ್ನೊಂದು ಮನೆಗೆ ಹೋದೆಯಾ?’

ಅದು ಅವನಿಗೆ ಹೊಳೆದೇ ಇರಲಿಲ್ಲ. ಬದುಕಿರುವವನನ್ನು ಸಾಯಿಸಿದ ತಪ್ಪಿನಲ್ಲಿ, ಸತ್ತವನನ್ನು ಬದುಕಿಸಿದ ತಪ್ಪು ಮರೆತುಹೋಗಿತ್ತು. ಮತ್ತೆ ಹೊರಟನು. ಅಲ್ಲಿ ಮಣ್ಣು ಮುಗಿಸಿ ಬಂದ ಜನ ಅಂಗಳದಲ್ಲಿ ಕುಳಿತಿದ್ದರು. ಆ ಮನೆಯಲ್ಲಿ ಪತ್ರಿಕೆ ಓದುವವರು ಇದ್ದುದು ಒಬ್ಬನೇ, ಅವನೇ ಹೋಗಿದ್ದನು. ತಂದೆ ಕೋಪಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಹತ್ತನೆಯ ತರಗತಿಯ ಪ್ರವೇಶಪತ್ರವೊಂದನ್ನು ತಂದು, ಅದರ ಮೇಲೆ ಅಂಟಿಸಿದ್ದ ಪುಟ್ಟ ಭಾವಚಿತ್ರವನ್ನು ಉಗುರಿನಿಂದ ಬಿಡಿಸಿ, ‘ಇದೊಂದೇ ಇರೋದು. ನಾಳೆ ಇದನ್ನ ಹಾಕಿ, ಹೆಸರು ಸರಿಯಾಗಿ ಬರೀರಿ ಸ್ವಾಮಿ’ ಎಂದು ಕೈಯಲ್ಲಿಟ್ಟನು.

ಮರುದಿನದ ಮೊದಲ ಪುಟದಲ್ಲಿ, ತಪ್ಪು ಬಂದಿದ್ದ ಜಾಗದಲ್ಲಿಯೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಬಂದಿತು. ಪಕ್ಕದಲ್ಲಿ ಆ ಚಿತ್ರ.

ಮೊನ್ನೆ ಅವನ ಟಿಪ್ಪಣಿ ಪುಸ್ತಕವನ್ನು ತೆರೆದು ನೋಡಿದೆ. ಪ್ರತಿಯೊಂದು ಹೆಸರಿನ ಮುಂದೆಯೂ ಹಳೆಯ ಶ್ಯಾನುಭೋಗರ ಲೆಕ್ಕದಂತೆ ‘ಬಿನ್’ ಎಂದು ತಂದೆಯ ಹೆಸರು, ‘ಕೋಂ’ ಎಂದು ಗಂಡನ ಹೆಸರು, ವಯಸ್ಸು, ಊರು, ಹೋಬಳಿ. ‘ಇಷ್ಟೆಲ್ಲ ಅಚ್ಚಾಗುವುದಿಲ್ಲವಲ್ಲಯ್ಯ’ ಎಂದೆ. ‘ಅಚ್ಚಿಗಲ್ಲ ಸಾರ್, ನನಗೆ’ ಎಂದನು. ಪುಸ್ತಕದ ಹಿಂಬದಿಯ ಜೇಬಿನಲ್ಲಿ ಒಂದು ಸಣ್ಣ ಲಕೋಟೆ ಇತ್ತು. ಆ ಭಾವಚಿತ್ರ. ಸ್ಕ್ಯಾನ್ ಮಾಡಿದ ದಿನವೇ ಹಿಂದಿರುಗಿಸಬೇಕೆಂದಿದ್ದನಂತೆ. ಎರಡು ಸಲ ಹೋದಾಗಲೂ ಮನೆಗೆ ಬೀಗವಿತ್ತು, ನೆರೆಯವರ ಕೈಯಲ್ಲಿ ಕೊಡಲು ಮನಸ್ಸಾಗಲಿಲ್ಲ. ಭಾನುವಾರ ಮತ್ತೆ ಹೋಗುತ್ತೇನೆಂದು ಹೇಳಿ, ಧಾರಣೆ ಬರೆದುಕೊಳ್ಳಲು ಮಾರುಕಟ್ಟೆಯ ಕಡೆಗೆ ಹೊರಟನು.