ಅಂಕಿತ ಕಳಚಿದ ಮಾತು

ಕಚೇರಿಯ ಗೋಡೆಯಲ್ಲಿ, ಬೆಳಗಿನ ವಾಟ್ಸಾಪ್ ಸಂದೇಶದಲ್ಲಿ 'ಕಾಯಕವೇ ಕೈಲಾಸ' ಎಂಬ ಮಾತಿನ ಕೆಳಗೆ ಬಸವಣ್ಣನ ಹೆಸರಿರುವುದು ರೂಢಿ. ಆದರೆ ಈ ಮಾತು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ವಚನ ಯಾರದೆಂದು ಹೇಳುವ ಗುರುತು ಅಂಕಿತ. ಬಸವಣ್ಣನದು ಕೂಡಲಸಂಗಮದೇವ, ಮಾರಯ್ಯನದು ಅಮರೇಶ್ವರಲಿಂಗ. ಅದು ಸಾಮಾನ್ಯವಾಗಿ ಬರುವುದು ವಚನದ ಕೊನೆಗೆ. ಎರಡು ಪದ ಮಾತ್ರ ಎತ್ತಿಕೊಂಡು ಗೋಡೆಗೆ ಬರೆದರೆ ಅಂಕಿತ ಅಲ್ಲೇ ಉಳಿಯುತ್ತದೆ. ವಾರಸುದಾರರಿಲ್ಲದ ಮಾತು ಎಲ್ಲರಿಗೂ ಗೊತ್ತಿರುವ ಹೆಸರಿನ ಮಡಿಲು ಸೇರುತ್ತದೆ. ಇದು ನಮ್ಮಲ್ಲಷ್ಟೇ ಆಗುವುದಲ್ಲ. ತನಗೊಪ್ಪದ ಮಾತನ್ನಾಡುವವನ ಹಕ್ಕಿಗಾಗಿಯೂ ಪ್ರಾಣ ಕೊಟ್ಟೇನು ಎಂದು ಫ್ರೆಂಚ್ ಚಿಂತಕ ವೋಲ್ಟೇರ್ ಹೇಳಿದನೆಂದು ಜಗತ್ತೇ ನಂಬಿದೆ. ಅವನ ನಿಲುವನ್ನು ತನ್ನ ಮಾತಿನಲ್ಲಿ ಹಾಗೆ ಬರೆದವಳು ಎವ್ಲಿನ್ ಬಿಯಾಟ್ರಿಸ್ ಹಾಲ್, ಅದೂ 1906ರಲ್ಲಿ, ಅವನು ಸತ್ತು ನೂರು ವರ್ಷ ದಾಟಿದ ಮೇಲೆ. ಮೆಚ್ಚುಗೆಗೆ ಬೇಕಾದಂತೆ ಸಿಟ್ಟಿಗೂ ಒಂದು ದೊಡ್ಡ ಹೆಸರು ಬೇಕು. ಭಾರತದಲ್ಲಿ ಒಬ್ಬ ಭಿಕ್ಷುಕನನ್ನೂ ಕಾಣಲಿಲ್ಲ, ಈ ದೇಶದ ಬೆನ್ನೆಲುಬು ಮುರಿಯಬೇಕು ಎಂದು ಆಂಗ್ಲ ಅಧಿಕಾರಿ ಮೆಕಾಲೆ 1835ರ ಫೆಬ್ರವರಿ 2ರಂದು ಬ್ರಿಟಿಷ್ ಸಂಸತ್ತಿನಲ್ಲಿ ಹೇಳಿದನೆಂಬ ಭಾಷಣ ಇಂದಿಗೂ ಹರಿದಾಡುತ್ತಿದೆ. ಆ ದಿನ ಅವನಿದ್ದದ್ದು ಲಂಡನ್ನಿನಲ್ಲಲ್ಲ, ಭಾರತದಲ್ಲಿ.

ತಿರುಳು ಸರಿಯಿದ್ದರೆ ಸಾಲದೇ, ಹೇಳಿದವರು ಯಾರಾದರೇನು ಎಂದು ಕೇಳಬಹುದು. ಮೆಕಾಲೆಯ ವಿಷಯದಲ್ಲಿ ಈ ವಾದ ನಿಲ್ಲದು, ಅದು ಆಡದ ಮಾತಿನ ಆರೋಪ. ಬಸವಣ್ಣನ ವಿಷಯದಲ್ಲಿ ಮಾತ್ರ ಪ್ರಶ್ನೆಗೆ ಬಲವಿದೆ: ಕಾಯಕದ ವಿಚಾರ ಶರಣರೆಲ್ಲರದು, ಬಸವಣ್ಣನೂ ಅದನ್ನು ಬಾಳಿದವನೇ. ಆದರೂ ಆಡಿದವರು ಬದಲಾದರೆ ಮಾತಿನ ಅರ್ಥವೇ ಬದಲಾಗುತ್ತದೆ. ಬಸವಣ್ಣ ದೊರೆ ಬಿಜ್ಜಳನ ಭಂಡಾರಿ. ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ಹೊಟ್ಟೆ ಹೊರೆದವನು, ಹೆಸರಿನಲ್ಲೇ ಆ ಕಸುಬು ಉಳಿದಿದೆ. ಅಧಿಕಾರಿಯ ಬಾಯಲ್ಲಿ ಉಪದೇಶದಂತೆ ಕೇಳುವ ಮಾತು ಅಕ್ಕಿ ಆಯುವವನ ಬಾಯಲ್ಲಿ ದಿಟ್ಟ ಘೋಷಣೆ. ಕಾಯಕದಲ್ಲಿ ತೊಡಗಿದಾಗ ಗುರು ಬಂದರೂ, ಲಿಂಗಪೂಜೆಯ ಹೊತ್ತಾದರೂ, ಜಂಗಮನೇ ಎದುರು ನಿಂತರೂ ಅದರ ಹಂಗು ಬೇಡ ಎನ್ನುವ ಎದೆಗಾರಿಕೆ ಆ ವಚನದ್ದು. ಗೋಡೆಯ ಮೇಲಿನ ಎರಡು ಪದಗಳಲ್ಲಿ ಆ ಕೆಚ್ಚು ಕಾಣುವುದಿಲ್ಲ, ಇನ್ನಷ್ಟು ದುಡಿಯಿರಿ ಎಂಬ ತಾಕೀತು ಮಾತ್ರ ಕಾಣುತ್ತದೆ. ಮಾರಯ್ಯನ ಮನೆಯ ಕಥೆ ಹೇಳುವುದೇ ಬೇರೆ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಈ ಆಸೆ ನಮಗೇಕೆ ಎಂದು ಗದರಿ, ಅಂದಿನ ಅಗತ್ಯಕ್ಕೆ ಮೀರಿದ್ದನ್ನು ಆಯ್ದ ಅಂಗಳದಲ್ಲೇ ಸುರಿದು ಬರಲು ಕಳಿಸಿದಳು.