ಶಾಖ ಹಿಡಿಯುವ ಚಕ್ರ ರಾಯಚೂರಲ್ಲೂ ಇದೆ! ಎಲ್ಲಿ ಹೇಳಿ?

ಕಿಟಕಿಗಳೆಲ್ಲ ಮುಚ್ಚಿವೆ. ಹೊರಗೆ ಹಿಮ ಸುರಿಯುತ್ತಿದೆ. ಆದರೂ ಮನೆಯೊಳಗೆ ದಿನವಿಡೀ ಹೊಸ ಗಾಳಿ, ಅದೂ ಬೆಚ್ಚಗೆ!

ಹೇಗೆ ಗೊತ್ತೇ? ಗಾಳಿ ಬದಲಿಸುವ ಯಂತ್ರವೊಂದಿದೆ. ಅದರೊಳಗೆ ಹೊರಹೋಗುವ ಹಳೇ ಗಾಳಿ ತನ್ನ ಬಿಸಿಯನ್ನು ಒಳಬರುವ ಗಾಳಿಗೆ ಕೊಟ್ಟೇ ಹೋಗುತ್ತದೆ. ಒಳ್ಳೆಯ ಯಂತ್ರವಾದರೆ ನೂರಕ್ಕೆ 80 ಪಾಲು ಬಿಸಿ ವಾಪಸ್! ಸ್ವೀಡನ್, ಜರ್ಮನಿಯ ಎಷ್ಟೋ ಮನೆಗಳಲ್ಲಿ ಇದು ದಿನನಿತ್ಯದ ಸಂಗತಿ.

ಮೇ ತಿಂಗಳ ರಾಯಚೂರಿಗೆ ಇದೇಕೆ ಅಂದಿರಾ? ತಾಳಿ! ಹೊರಗೆ 42 ಡಿಗ್ರಿ. ಎ.ಸಿ. ಕೋಣೆಯೊಳಗೆ 27. ಈಗ ಹೊರಹೋಗುವ ತಂಪು ಗಾಳಿ, ಒಳಬರುವ ಉರಿಗಾಳಿಯ ಬಿಸಿಯನ್ನು ಕಸಿದುಕೊಳ್ಳುತ್ತದೆ. ಆ ಉರಿಗಾಳಿ ಒಳಗೆ ಬಂದು ಮುಟ್ಟುವಾಗ ಎಷ್ಟು ಡಿಗ್ರಿ? ಊಹಿಸಿ!

30! ಬಿಸಿ ಉಳಿಸುವ ಯಂತ್ರವೇ ತಂಪನ್ನೂ ಉಳಿಸಿತು. ಒಂದು ಸ್ಕ್ರೂ ಕೂಡ ಬದಲಿಸಿಲ್ಲ!

ಇನ್ನೂ ಇದೆ. ಈ ವಿದ್ಯೆಯ ದೈತ್ಯರೂಪ ಕೃಷ್ಣೆಯ ದಂಡೆಯಲ್ಲೇ ಇದೆ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ! 1985ರಲ್ಲಿ ಮೊದಲ ಘಟಕ. ಇಂದು ಎಂಟು ಘಟಕ, 1720 ಮೆಗಾವಾಟ್. ಇಂಥ ಘಟಕಗಳ ಬಾಯ್ಲರಿನ ಹಿಂದೆ ಲೋಹದ ತಗಡು ತುಂಬಿದ ಭಾರೀ ಚಕ್ರ ಮೆಲ್ಲಗೆ ತಿರುಗುತ್ತದೆ, ನಿಮಿಷಕ್ಕೆ ಎರಡು-ಮೂರೇ ಸುತ್ತು! ಒಂದು ಬದಿಯಲ್ಲಿ 300 ಡಿಗ್ರಿ ಮೀರಿದ ಹೊಗೆ ತಗಡನ್ನು ಕಾಯಿಸುತ್ತದೆ. ಕಾದ ತಗಡು ಇನ್ನೊಂದು ಬದಿಗೆ ತಿರುಗಿ, ಒಲೆಗೆ ಹೋಗುವ ಗಾಳಿಗೆ ಆ ಬಿಸಿ ಬಿಟ್ಟುಕೊಡುತ್ತದೆ. ಸ್ವೀಡನ್ನಿನ ಫ್ರೆಡ್ರಿಕ್ ಯುಂಗ್‌ಸ್ಟ್ರೋಮ್ ನೂರು ವರ್ಷದ ಹಿಂದೆ ರೂಪಿಸಿದ ಚಕ್ರವಿದು. ಅಲ್ಲಿನ ಎಷ್ಟೋ ಮನೆಗಳ ಗಾಳಿ ಬದಲಿಸುವ ಯಂತ್ರದಲ್ಲಿ ತಿರುಗುವುದೂ ಇಂಥದ್ದೇ ಪುಟ್ಟ ಚಕ್ರ!

ಆದರೆ ನನ್ನನ್ನು ಬೆರಗುಗೊಳಿಸಿದ ಚಕ್ರ ಇದಲ್ಲ. ಅದಕ್ಕೆ ಮೋಟರೇ ಇಲ್ಲ! ದೇವದುರ್ಗಕ್ಕೆ ಬನ್ನಿ, ಮಾನ್ವಿಯ ಹಳ್ಳಿಗಳಿಗೆ ಬನ್ನಿ. ತೊಲೆ, ಜಂತಿ, ಮೇಲೆ ದಪ್ಪನೆಯ ಮಣ್ಣಿನ ಮಾಳಿಗೆ. ಮಧ್ಯಾಹ್ನ ಎರಡಕ್ಕೆ ಬಿಸಿಲು ಅದನ್ನು ಸುಡುತ್ತದೆ. ಒಂದಡಿ ಮಣ್ಣು ದಾಟಿ ಆ ಬಿಸಿ ಒಳಗಿಳಿಯಲು ಎಷ್ಟು ಹೊತ್ತು ಬೇಕು? ಒಂದು ತಾಸೇ? ಮೂರೇ?

ಸುಮಾರು 10 ತಾಸು! ಮಧ್ಯಾಹ್ನದ ಬಿಸಿಲು ಮನೆಯೊಳಗೆ ಕಾಲಿಡುವುದು ನಡುರಾತ್ರಿ! ಬಿಸಿ ಹೀರಿ, ಆಮೇಲೆ ಬಿಡುವುದು: ಶಕ್ತಿನಗರದ ತಗಡಿನ ಕೆಲಸವೇ ಅಲ್ಲವೇ ಇದು? ಹಾಗಾದರೆ ಈ ಚಕ್ರವನ್ನು ತಿರುಗಿಸುವವರು ಯಾರು?

ಭೂಮಿ! 24 ತಾಸಿಗೆ ಒಂದು ಸುತ್ತು!

ಬೇಸಿಗೆಯ ರಾತ್ರಿ ಬೆಳಕಿಂಡಿ ತೆರೆದರೆ ಸಾಕು, ಬಿಸಿಗಾಳಿ ಮೇಲೇರಿ ಹೊರಟುಹೋಗುತ್ತದೆ, ಬಾಗಿಲಿನಿಂದ ತಂಪುಗಾಳಿ ಬರುತ್ತದೆ. ಡಿಸೆಂಬರಿನಲ್ಲಿ ಅದನ್ನೇ ಮುಚ್ಚಿ ನೋಡಿ. ಮಧ್ಯಾಹ್ನ ಮಾಳಿಗೆ ಕುಡಿದ ಬಿಸಿಲು ರಾತ್ರಿಯ ಚಳಿಗೆ ಒದಗುತ್ತದೆ, ಕರೆಂಟಿನ ಬಿಲ್ಲೇ ಇಲ್ಲದೆ!