ಮಿಠಾಯಿ ಎಂದರೆ ಶೇ 5.6, ಕಡಲೆಬೀಜ ಎಂದರೆ ಶೇ 131.8

ಅಮೆರಿಕದ ಬಂದರೊಂದಕ್ಕೆ 10,000 ಕಿಲೋ ಕಡಲೆಬೀಜದ ಚಿಕ್ಕಿ ಬಂದಿಳಿಯಿತು ಎಂದಿಟ್ಟುಕೊಳ್ಳಿ. ಲೆಕ್ಕ ಸಲೀಸಾಗಲೆಂದು ಕಿಲೋಗೆ 4 ಡಾಲರ್ ಹಿಡಿಯೋಣ. ಸರಕಿನ ಬೆಲೆ 40,000 ಡಾಲರ್. ಕಸ್ಟಮ್ಸ್‌ನವರು ಅದನ್ನು ಸಕ್ಕರೆ ಮಿಠಾಯಿ ಎಂದು ಒಪ್ಪಿದರೆ ಮೂಲ ಸುಂಕ ಶೇ 5.6, ಅಂದರೆ 2,240 ಡಾಲರ್. ಇಲ್ಲ, ಇದು ಹುರಿದು ಹದಮಾಡಿದ ಕಡಲೆಬೀಜ ಎಂದರೆ, ಆ ವರ್ಷದ ಕೋಟಾ ತುಂಬಿಹೋಗಿದ್ದಲ್ಲಿ, ಸುಂಕ ಶೇ 131.8. ಅಂದರೆ 52,720 ಡಾಲರ್. ಸರಕಿಗಿಂತ ಸುಂಕವೇ 12,720 ಡಾಲರ್ ಹೆಚ್ಚು!

ಬೀಜ, ಬೆಲ್ಲ, ಪೆಟ್ಟಿಗೆ ಯಾವುದೂ ಬದಲಾಗಿಲ್ಲ. ಬದಲಾದದ್ದು ನಾಲ್ಕಂಕಿಯ ಶೀರ್ಷಿಕೆ.

ಬ್ರಸೆಲ್ಸ್‌ನ ವಿಶ್ವ ಕಸ್ಟಮ್ಸ್ ಸಂಘಟನೆ ನೋಡಿಕೊಳ್ಳುವ ಸಮನ್ವಿತ ಪಟ್ಟಿಯಲ್ಲಿ ಮೊದಲ ಆರು ಅಂಕಿ ಎಲ್ಲ ಸದಸ್ಯ ದೇಶಗಳಿಗೂ ಒಂದೇ. ಆಮೇಲಿನದು ಆಯಾ ದೇಶದ ಇಷ್ಟ: ಭಾರತ 8 ಅಂಕಿಗೆ ನಿಲ್ಲಿಸಿದೆ, 1989ರ ಜನವರಿ 1ರಿಂದ ಈ ಪಟ್ಟಿಯನ್ನು ಅನುಸರಿಸುತ್ತಿರುವ ಅಮೆರಿಕ 10ಕ್ಕೆ ಒಯ್ದಿದೆ. ಬೀಜ ಹಾಕಿದ ಸಿಹಿತಿನಿಸು ಮೂರು ಕಡೆ ಬೀಳಬಹುದು. ಕೋಕೋ ಇಲ್ಲದ ಸಕ್ಕರೆ ಮಿಠಾಯಿ 17.04, ಕೋಕೋ ಸೇರಿದ್ದು 18.06, ಹುರಿದ ಅಥವಾ ಬೇರೆ ರೀತಿ ಸಂಸ್ಕರಿಸಿದ ಬೀಜ 20.08. ಕೋಕೋದ ವಿಷಯದಲ್ಲಿ ತಕರಾರು ಕಡಿಮೆ. ಕೋಕೋ ಪುಡಿ ಸೇರಿದರೆ ಮಿಠಾಯಿ 17ನೇ ಅಧ್ಯಾಯ ಬಿಟ್ಟು ಹೊರಡಬೇಕು. ಬರೀ ಕೋಕೋ ಬೆಣ್ಣೆಯ ಬಿಳಿ ಚಾಕೊಲೇಟ್ ಮಾತ್ರ 17.04ರಲ್ಲೇ ಉಳಿಯುತ್ತದೆ.

ತಲೆನೋವು 17.04 ಮತ್ತು 20.08ರ ಗಡಿಯಲ್ಲಿ. ಚಿಕ್ಕಿಯಲ್ಲಿ ಬೀಜ ಶೇ 60 ಇದ್ದರೆ ಅದು ಬೀಜವೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ ತೂಕವೊಂದೇ ಇಲ್ಲಿ ತೀರ್ಪು ಕೊಡುವುದಿಲ್ಲ. ಸಕ್ಕರೆ ಲೇಪಿಸಿದ ಬಾದಾಮಿಯಂಥವು ಮಿಠಾಯಿಯ ರೂಪದಲ್ಲಿದ್ದರೆ 20.08ಕ್ಕೆ ಸೇರುವುದಿಲ್ಲ, 17.04ಕ್ಕೇ ಹೋಗಬೇಕು ಎಂದು 20ನೇ ಅಧ್ಯಾಯದ ಟಿಪ್ಪಣಿ 2 ಹೇಳುತ್ತದೆ. ಪಾಕದಲ್ಲಿ ಕಟ್ಟಿ, ಹಲಗೆಯ ಮೇಲೆ ಲಟ್ಟಿಸಿ, ಬಿಲ್ಲೆ ಕತ್ತರಿಸಿದ ಚಿಕ್ಕಿಗೆ ಇದೇ ಆಸರೆ. ಉಪ್ಪು ಖಾರ ಸವರಿ ಹುರಿದ ಬೀಜಕ್ಕೆ ಆ ಆಸರೆ ಇಲ್ಲ; ಅದು 20.08. ನಡುವೆ ತೂಗಾಡುವ ಸರಕಿಗೆ ‘ಮೂಲ ಗುಣ’ ಯಾವುದರಿಂದ ಬಂತು ಎಂದು ನೋಡಬೇಕೆನ್ನುತ್ತದೆ ವ್ಯಾಖ್ಯಾನ ನಿಯಮ 3(ಬಿ). ಅದೂ ತೀರ್ಮಾನವಾಗದಿದ್ದರೆ 3(ಸಿ) ಪ್ರಕಾರ ಅಂಕಿಯಲ್ಲಿ ಕೊನೆಗೆ ಬರುವ ಶೀರ್ಷಿಕೆಗೇ ಗೆಲುವು. ಇಲ್ಲಿ ಕೊನೆಗೆ ಬರುವುದು 20.08. ಕಡಲೆಬೀಜದ ವ್ಯಾಪಾರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಬೇಕಿಲ್ಲ.

131.8 ಎಂಬ ಅಂಕಿ ಮಿಠಾಯಿಯವರನ್ನು ನೋಡಿ ಹುಟ್ಟಿದ್ದಲ್ಲ. ಅಮೆರಿಕ ತನ್ನ ಕಡಲೆಕಾಯಿ ಬೆಳೆಗಾರರನ್ನು ಕಾಯಲು ದಶಕಗಳ ಕಾಲ ಆಮದಿಗೆ ಬಿಗಿ ಮಿತಿ ಹಾಕಿತ್ತು. 1995ರಲ್ಲಿ ವಿಶ್ವ ವ್ಯಾಪಾರ ಒಪ್ಪಂದ ಜಾರಿಗೆ ಬಂದಾಗ ಆ ಮಿತಿಯ ಜಾಗಕ್ಕೆ ಸುಂಕದ ಗೋಡೆ ಬಂತು. ಗೋಡೆಯಲ್ಲಿ ಒಂದು ಕಿಂಡಿಯುಂಟು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷಕ್ಕೆ 52,906 ಟನ್ ಕಡಲೆಬೀಜ ಕಡಿಮೆ ದರದಲ್ಲಿ ಒಳಬರಬಹುದು. ಅದರಲ್ಲಿ 43,901 ಟನ್ ಅರ್ಜೆಂಟೀನಾದ ಪಾಲು. ಉಳಿದ 9,005 ಟನ್ನಿಗೆ ಭಾರತವೂ ಸೇರಿ ಮಿಕ್ಕ ದೇಶಗಳ ಪೈಪೋಟಿ. ಕೋಟಾದೊಳಗೆ ನುಗ್ಗಿದವರಿಗೆ ಸಂಸ್ಕರಿಸಿದ ಬೀಜದ ಸುಂಕ ಕಿಲೋಗೆ 6.6 ಸೆಂಟ್ ಮಾತ್ರ. ನಮ್ಮ 10,000 ಕಿಲೋಗೆ 660 ಡಾಲರ್, ಮಿಠಾಯಿಯ ದರಕ್ಕಿಂತಲೂ ಅಗ್ಗ! ಆದರೆ ಹಡಗು ಮುಟ್ಟುವ ಹೊತ್ತಿಗೆ ಕೋಟಾ ಉಳಿದಿರುತ್ತದೆಂಬ ಭರವಸೆಯ ಮೇಲೆ ಯಾರು ದರ ನಿಗದಿ ಮಾಡುತ್ತಾರೆ?

ಬೀಜ ಬದಲಾದರೆ ಆಟ ತಿರುವುಮುರುವು. ಅಮೆರಿಕದಲ್ಲಿ ಸಂಸ್ಕರಿಸಿದ ಗೋಡಂಬಿಗೆ 20.08ರ ಕೆಳಗೆ ಮೂಲ ಸುಂಕ ಸೊನ್ನೆ. ಪಿಸ್ತಾಕ್ಕೆ ಕಿಲೋಗೆ 1 ಸೆಂಟ್. ಹಾಗಾಗಿ ಗೋಡಂಬಿಯವನು ‘ಇದು ಮಿಠಾಯಿಯಲ್ಲ, ಬೀಜ’ ಎಂದು ವಾದಿಸಿದರೆ ಲಾಭ, ಕಡಲೆಬೀಜದವನಿಗೆ ಅದೇ ಮಾತು ಉರುಳು. ಬಾದಾಮಿಯದು ಇನ್ನೂ ಮಜಾ. ಬೀಜವೆಂದರೆ ಕಿಲೋಗೆ 32.6 ಸೆಂಟ್, ಸಕ್ಕರೆ ಹಿಡಿಸಿದ ಬೀಜವೆಂದು 17.04ಕ್ಕೆ ಹೋದರೆ ಬೆಲೆಯ ಶೇ 4.5. ಭಾಗಿಸಿ ನೋಡಿದರೆ ಎರಡೂ ಸರಿಹೊಂದುವುದು ಕಿಲೋಗೆ 7.24 ಡಾಲರ್ ಬೆಲೆಯಲ್ಲಿ. 5 ಡಾಲರಿನ ಅಗ್ಗದ ಮಾಲಿಗೆ ಮಿಠಾಯಿಯ ಸುಂಕ 22.5 ಸೆಂಟ್, ಅದೇ ಮೇಲು. 10 ಡಾಲರಿನದಕ್ಕೆ 45 ಸೆಂಟ್, ಹಾಗಾಗಿ ಬೀಜವೆನ್ನಿಸಿಕೊಳ್ಳುವುದೇ ಮೇಲು.

ಮೂಲ ಸುಂಕದ ಮೇಲೆ ಚಿಲ್ಲರೆ ಬಾಬುಗಳಿವೆ: ಸರಕು ನಿರ್ವಹಣಾ ಶುಲ್ಕ ಶೇ 0.3464, ಬಂದರು ನಿರ್ವಹಣೆಗೆ ಶೇ 0.125. ನಮ್ಮ ಚಿಕ್ಕಿಗೆ ಎರಡೂ ಸೇರಿ 188.56 ಡಾಲರ್. ಚಿಲ್ಲರೆಯಲ್ಲದ್ದು 2025ರ ಆಗಸ್ಟ್‌ನದು. ಆ ತಿಂಗಳ 7ರಿಂದ ಭಾರತದ ಸರಕಿಗೆ ಶೇ 25, 27ರಿಂದ ಮತ್ತೂ ಶೇ 25 ಹೆಚ್ಚುವರಿ ಸುಂಕ ಬಿತ್ತು. ಆ ಲೆಕ್ಕದಲ್ಲಿ 40,000ಕ್ಕೆ 20,000 ಡಾಲರ್. ಅಧ್ಯಕ್ಷರ ಆದೇಶದಿಂದ ಬಂದ ಇಂಥ ದರ ಆದೇಶದ ಜೊತೆಗೇ ಏರಿಳಿಯುತ್ತದೆ. ಶೀರ್ಷಿಕೆಯ ಜಗಳಕ್ಕೆ ಅಂಥ ಅವಸರವಿಲ್ಲ.

ಜಾಣ ಆಮದುದಾರ ಸರಕು ಹೊರಡುವ ಮೊದಲೇ ಅಮೆರಿಕದ ಕಸ್ಟಮ್ಸ್‌ಗೆ ಬರೆದು ಕಟ್ಟುನಿಟ್ಟಿನ ಪೂರ್ವನಿರ್ಣಯ ಪಡೆಯುತ್ತಾನೆ. ಪ್ರತಿ ಪದಾರ್ಥದ ತೂಕ ಶೇಕಡಾ ಎಷ್ಟು, ಹೇಗೆ ತಯಾರಿಸಿದ್ದು, ಹೇಗೆ ಕಟ್ಟಿ ಮಾರುವುದು, ಎಲ್ಲವನ್ನೂ ಅರ್ಜಿಯಲ್ಲಿ ಬರೆಯಬೇಕು.

ಭಾರತದಲ್ಲೂ ಈ ಪದ್ಧತಿ ಇದೆ. ಅದರ ಬಿಸಿ ಮಲೆನಾಡಿಗೆ ತಟ್ಟಿದ್ದು ಅಡಿಕೆಯ ಮೂಲಕ. 20.08ರ ವಿವರಣಾ ಟಿಪ್ಪಣಿಯಲ್ಲಿ ಹುರಿದ ಬಾದಾಮಿ, ಕಡಲೆಬೀಜಗಳ ಪಕ್ಕದಲ್ಲೇ ಅಡಿಕೆಯ ಹೆಸರೂ ಇದೆ. ಸಾದಾ ಅಡಿಕೆಗೆ ಮೂಲ ಸುಂಕ ಶೇ 100. ಜೊತೆಗೆ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತ್ತು. ‘ನಮ್ಮದು ಹುರಿದದ್ದು’ ಎಂದವರಿಗೆ ಆಗ ಶೇ 30 ಸುಂಕ, ಕನಿಷ್ಠ ಬೆಲೆಯ ಕಟ್ಟೂ ಇಲ್ಲ. 351 ರೂಪಾಯಿಯ ಮೇಲೆ ಲೆಕ್ಕ ಹಾಕಿದರೂ ಮೂಲ ಸುಂಕವೊಂದರಲ್ಲೇ ಕಿಲೋಗೆ 245 ರೂಪಾಯಿ 70 ಪೈಸೆ ಉಳಿತಾಯ. ಪೂರ್ವನಿರ್ಣಯ ಪ್ರಾಧಿಕಾರ ಆಮದುದಾರರ ವಾದವನ್ನು ಒಪ್ಪಿತು, ಮದ್ರಾಸ್ ಹೈಕೋರ್ಟ್ 2023ರಲ್ಲಿ ಅದನ್ನು ಎತ್ತಿಹಿಡಿಯಿತು. ಹುರಿದ ಅಡಿಕೆಗೂ 351 ರೂಪಾಯಿಯ ಕಟ್ಟು ಬಂದದ್ದು 2025ರ ಏಪ್ರಿಲ್‌ನಲ್ಲಿ.